ಲೋಕ ಎರಡು, ಜೋಡಿ ಒಂದೇ

ಮೊದಲೇ ಹೇಳಿಬಿಡ್ತೀನಿ, ಲಾಜಿಕ್ ಇಲ್ಲ ಅನ್ನೋದು ನನ್ನ ತಕರಾರಲ್ಲ. ಬಿದಿರುಮೆಳೆಯ ನಡುವೆ ಎರಡು ಕಲ್ಲುಕಂಬ ಎದ್ದು ನಿಂತವು, ರಾಜ ಕುದುರೆ ಸಮೇತ ಅದರೊಳಗೆ ನುಗ್ಗಿ ಇನ್ನೊಂದು ಲೋಕಕ್ಕೆ ದಾಟಿದ ಅಂದ್ರೆ ನಾನು ಒಪ್ಪಿಕೊಳ್ಳೋ ಪೈಕಿಯೇ. ಯಕ್ಷಗಾನ ನೋಡಿ ಬೆಳೆದವರಿಗೆ ಇದೆಲ್ಲ ದೊಡ್ಡ ವಿಷಯ ಅಲ್ಲ. ಅಲ್ಲಿ ವೇಷಧಾರಿ ರಂಗಸ್ಥಳಕ್ಕೆ ಎರಡು ಸುತ್ತು ಹಾಕಿದರೆ ಸ್ವರ್ಗದಿಂದ ಭೂಮಿಗೆ ಬಂದ ಲೆಕ್ಕ. ಯಾರೂ ಎದ್ದು ನಿಂತು "ಅದು ಹ್ಯಾಗೆ ಸಾಧ್ಯ?" ಅಂತ ಕೇಳಲ್ಲ.

ನನ್ನ ತಕರಾರು ಬೇರೆ. ದೊಡ್ಡ ಚಪ್ಪರ ಹಾಕಿದರು, ಊರವರನ್ನೆಲ್ಲ ಕರೆದರು, ಪಂಕ್ತಿಯಲ್ಲಿ ಕೂರಿಸಿದರು. ಕೊನೆಗೆ ಮದುಮಗ ಮದುಮಗಳು ಇಬ್ಬರಿಗೆ ಮಾತ್ರ ಎಲೆ ಹಾಕಿ ಬಡಿಸಿದರು. ಉಳಿದವರು ಕೂತೇ ಇದ್ದಾರೆ. ‘ದ ಕಿಂಗ್: ಎಟರ್ನಲ್ ಮೊನಾರ್ಕ್’ ಅನ್ನೋ ಕೊರಿಯನ್ ಡ್ರಾಮಾ ನೋಡಿ ಮುಗಿಸಿದಾಗ ನನಗೆ ಅನ್ನಿಸಿದ್ದು ಇದು.

(ಕಥೆಯನ್ನು ಕೊನೆ ತನಕ ಹೇಳ್ತೀನಿ. ಇನ್ನೂ ನೋಡಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಬಹುದು.)

2020ರ ಏಪ್ರಿಲ್ 17ರಿಂದ ಜೂನ್ 12ರವರೆಗೆ ಕೊರಿಯಾದ ಎಸ್‌ಬಿಎಸ್ ವಾಹಿನಿಯಲ್ಲಿ ಶುಕ್ರವಾರ, ಶನಿವಾರ ಬಂದ 16 ಸಂಚಿಕೆಗಳ ಧಾರಾವಾಹಿ ಇದು. ನಮಗೆ ನೆಟ್‌ಫ್ಲಿಕ್ಸ್‌ನಲ್ಲಿ ಸಿಕ್ಕಿತು. ಲಾಕ್‌ಡೌನ್ ಕಾಲ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ನಮ್ಮಂಥ ಎಷ್ಟೋ ಜನ ಕೆ-ಡ್ರಾಮಾ ಚಟಕ್ಕೆ ಬಿದ್ದಿದ್ದು ಆಗಲೇ. ನಿರೀಕ್ಷೆ ಇಟ್ಟುಕೊಳ್ಳೋಕೆ ಕಾರಣವೂ ಇತ್ತು. ಬರೆದವರು ಕಿಮ್ ಉನ್-ಸುಕ್. ‘ಸೀಕ್ರೆಟ್ ಗಾರ್ಡನ್’, ‘ಗಾಬ್ಲಿನ್’, ‘ಮಿಸ್ಟರ್ ಸನ್‌ಶೈನ್’ ಬರೆದ ಕೈ. ನಾಯಕ ಲೀ ಮಿನ್-ಹೋ, ಕಡ್ಡಾಯ ಸೇವೆ ಮುಗಿಸಿ ಬಂದ ಮೇಲೆ ಅವನ ಮೊದಲ ಡ್ರಾಮಾ. ನಾಯಕಿ ‘ಗಾಬ್ಲಿನ್’ನಲ್ಲಿ ನಮ್ಮ ಮನಸ್ಸು ಕದ್ದ ಕಿಮ್ ಗೋ-ಉನ್. ಇಷ್ಟೆಲ್ಲ ಇದ್ದ ಮೇಲೆ ಕೇಳಬೇಕಾ? ಕೊರಿಯಾದಲ್ಲಿ ಮೊದಲ ಸಂಚಿಕೆಗೆ ಎರಡಂಕಿಯ ರೇಟಿಂಗ್ ಬಂತು. ಮುಂದೆ ಹೋಗ್ತಾ ಹೋಗ್ತಾ ಅದು ಒಂದಂಕಿಗೆ ಇಳಿಯಿತು. ಜನ ಎದ್ದು ಹೋದರು ಅಂತಾಯ್ತು. ಯಾಕೆ ಹೋದರು ಅನ್ನೋದು ನೋಡಬೇಕಾದ್ದು.

ಕಥೆ ಹೀಗಿದೆ. ಎರಡು ಕೊರಿಯಾಗಳಿವೆ. ಉತ್ತರ-ದಕ್ಷಿಣ ಅಲ್ಲ, ಒಂದರ ಪಕ್ಕ ಒಂದು ಇರುವ ಎರಡು ಲೋಕಗಳು. ಒಂದು ನಮಗೆ ಗೊತ್ತಿರುವ ಗಣರಾಜ್ಯ. ಇನ್ನೊಂದರಲ್ಲಿ ಇತಿಹಾಸ ಬೇರೆ ದಾರಿ ಹಿಡಿದಿದೆ, ದೇಶ ಒಡೆದಿಲ್ಲ, ರಾಜ ಇದ್ದಾನೆ, ಚುನಾಯಿತ ಪ್ರಧಾನಿಯೂ ಇದ್ದಾಳೆ, ಅರಮನೆ ಬುಸಾನ್‌ನಲ್ಲಿದೆ. 1994ರ ಒಂದು ರಾತ್ರಿ ರಾಜನ ಮಲಸಹೋದರ ಲೀ ಲಿಮ್, ಒಂದು ಮಂತ್ರದ ಕೊಳಲಿಗಾಗಿ ತಮ್ಮನನ್ನೇ ಕೊಲ್ಲುತ್ತಾನೆ. ಎಂಟು ವರ್ಷದ ಯುವರಾಜ ಲೀ ಗೊನ್ ಕತ್ತಿ ಬೀಸಿದಾಗ ಕೊಳಲು ಎರಡು ತುಂಡಾಗುತ್ತದೆ. ಯಾರೋ ಮುಸುಕುಧಾರಿ ಬಂದು ಹುಡುಗನನ್ನು ಉಳಿಸುತ್ತಾರೆ. ಹೋಗುವಾಗ ಅವರ ಕೈಯಿಂದ ಒಂದು ಗುರುತಿನ ಚೀಟಿ ಬಿದ್ದಿರುತ್ತದೆ: ಜಂಗ್ ತೇ-ಉಲ್, ಪೊಲೀಸ್ ಅಧಿಕಾರಿ. ಚೀಟಿ ಮೇಲಿನ ತಾರೀಖು 2019ರದ್ದು! 25 ವರ್ಷ ಆ ಮುಖವನ್ನೇ ನೋಡಿಕೊಂಡು ಬೆಳೆದ ರಾಜ, ಕೊನೆಗೊಂದು ದಿನ ಲೋಕ ದಾಟಿ, ಸೋಲ್‌ನ ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ಬಿಳಿ ಕುದುರೆ ನಿಲ್ಲಿಸಿ, ಅವಳನ್ನು ತಬ್ಬಿಕೊಳ್ಳುತ್ತಾನೆ.

ಒಳ್ಳೆ ಶುರು. ಸುಳ್ಳು ಹೇಳಲ್ಲ, ಮೊದಲ ಎರಡು ಸಂಚಿಕೆ ಮುಗಿದಾಗ ರಾತ್ರಿ ಎರಡು ಗಂಟೆ. ಬೆಳಿಗ್ಗೆ ಸ್ಟ್ಯಾಂಡ್-ಅಪ್ ಮೀಟಿಂಗ್ ಇದ್ದರೂ ಮೂರನೆಯದು ಹಾಕಿದೆ.

ಆ ಕೊಳಲಿನ ಬಗ್ಗೆ ಸ್ವಲ್ಪ ಹೇಳಬೇಕು. ಇದು ಕಿಮ್ ಉನ್-ಸುಕ್ ಕಟ್ಟಿದ ಕಲ್ಪನೆ ಅಲ್ಲ. ಹೆಸರು ಮಾನ್‌ಪಾಶಿಕ್‌ಜೊಕ್, ಹತ್ತು ಸಾವಿರ ಅಲೆಗಳನ್ನು ಶಾಂತ ಮಾಡುವ ಕೊಳಲು. 13ನೇ ಶತಮಾನದಲ್ಲಿ ಇರ್ಯೊನ್ ಅನ್ನುವ ಬೌದ್ಧ ಭಿಕ್ಷು ಸಂಗ್ರಹಿಸಿದ ‘ಸಾಮ್‌ಗುಕ್ ಯುಸಾ’ದಲ್ಲಿ ಇದರ ಕಥೆ ಬರುತ್ತದೆ. ಶಿಲ್ಲಾ ರಾಜ್ಯದ ದೊರೆ ಶಿನ್ಮುನ್ ಕಾಲದಲ್ಲಿ, ಅಂದರೆ 7ನೇ ಶತಮಾನದ ಕೊನೆಯಲ್ಲಿ, ಸಮುದ್ರದಲ್ಲಿ ಒಂದು ಗುಡ್ಡ ತೇಲಿ ಬಂತು. ಅದರ ಮೇಲೊಂದು ಬಿದಿರು, ಹಗಲು ಎರಡಾಗಿ ಸೀಳಿರುತ್ತದೆ, ರಾತ್ರಿ ಒಂದಾಗುತ್ತದೆ. ಯಾಕೆ ಹೀಗೆ ಅಂತ ದೊರೆ ಕೇಳಿದಾಗ ಡ್ರ್ಯಾಗನ್ ಕೊಟ್ಟ ಉತ್ತರದ ಸಾರ ನಮ್ಮ ಅಜ್ಜಿ ಹೇಳೋ ಮಾತೇ: ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ. ಎರಡೂ ಸೇರಿದರೇ ನಾದ. ಆ ಬಿದಿರಿನಿಂದ ಮಾಡಿದ ಕೊಳಲು ಊದಿದರೆ ಶತ್ರುಗಳು ಹಿಂದೆ ಸರಿಯುತ್ತಿದ್ದರು, ರೋಗ ವಾಸಿಯಾಗುತ್ತಿತ್ತು, ಬರಗಾಲಕ್ಕೆ ಮಳೆ ಬರುತ್ತಿತ್ತು.

ನೋಡಿ, ಎಂಥ ಸಾಮಗ್ರಿ! ದೇಶ ಒಡೆದು ಎರಡಾಗಿರುವ ಜನ, ಒಂದಾಗುವ ಬಿದಿರಿನ ಕಥೆಯನ್ನು ಕೈಗೆತ್ತಿಕೊಂಡಿದ್ದಾರೆ. ಒಂದು ಲೋಕದಲ್ಲಿ ಒಡೆದ ಕೊರಿಯಾ, ಇನ್ನೊಂದರಲ್ಲಿ ಒಡೆಯದ ಕೊರಿಯಾ. ಇದಕ್ಕಿಂತ ತೂಕದ ರೂಪಕ ಬೇರೆ ಬೇಕಾ? ಆದರೆ ಡ್ರಾಮಾದಲ್ಲಿ ಆ ಕೊಳಲು ಮುಖ್ಯವಾಗಿ ಮಾಡುವ ಕೆಲಸ ಬಾಗಿಲ ಬೀಗ ತೆಗೆಯೋದು. ರಾಜನ ಅರ್ಧ ಅವನ ಚಾಟಿಯೊಳಗೆ, ಖಳನ ಅರ್ಧ ಅವನ ಛತ್ರಿಯೊಳಗೆ. ಆಫೀಸಿನ ಆಕ್ಸೆಸ್ ಕಾರ್ಡ್ ಇದ್ದ ಹಾಗೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಈ ಕಥೆಯಲ್ಲಿ ಎರಡೂ ಲೋಕದಲ್ಲಿ ಒಂದೇ ಮುಖದ ಜನ ಇದ್ದಾರೆ. ಮುಖ ಒಂದೇ, ಹಣೆಬರಹ ಬೇರೆ. ಅಲ್ಲಿ ಶ್ರೀಮಂತನಾದವನು ಇಲ್ಲಿ ಸಾಲಗಾರ. ಇಲ್ಲಿ ಮಗ ಸತ್ತವಳಿಗೆ ಅಲ್ಲಿ ಮಗ ಬದುಕಿದ್ದಾನೆ. ಖಳನಾಯಕ ಲೀ ಲಿಮ್ (ನಟ ಲೀ ಜಂಗ್-ಜಿನ್) 25 ವರ್ಷ ಮಾಡಿದ್ದು ಇದರದ್ದೇ ವ್ಯಾಪಾರ. ಬದುಕಿನಲ್ಲಿ ಸೋತವರನ್ನು ಹುಡುಕಿ ಹೋಗ್ತಾನೆ. "ಆ ಕಡೆ ನಿನ್ನಂಥವನೇ ಒಬ್ಬ ಸುಖವಾಗಿದ್ದಾನೆ. ಅವನ ಜಾಗ ನಿನಗೆ ಕೊಡಿಸ್ತೀನಿ" ಅನ್ನೋದು ಅವನ ಆಫರ್. ಬೆಲೆ ಒಂದೇ, ಆ ಕಡೆಯವನು ಸಾಯಬೇಕು. ಆಮೇಲೆ ಇವನು ಲೀ ಲಿಮ್‌ನ ಆಳಾಗಿರಬೇಕು.

ಕತ್ತಿ ಹಿಡಿದು ಅಬ್ಬರಿಸುವ ಖಳರನ್ನು ಸಾಕಷ್ಟು ನೋಡಿದ್ದೀವಿ. ಇವನು ಮನುಷ್ಯನ ಒಳಗಿನ ಆಸೆಯನ್ನೇ ಬಂಡವಾಳ ಮಾಡಿಕೊಂಡವನು. ಅದಕ್ಕೇ ಭಯ ಆಗುತ್ತೆ. ಯಾಕಂದ್ರೆ ಆ ಆಸೆ ನಮ್ಮಲ್ಲೂ ಇದೆ.

ಹಳ್ಳಿಯಿಂದ ಬಂದು ಇಲ್ಲಿ ಟೆಕ್ ಪಾರ್ಕ್‌ಗಳಲ್ಲಿ ಕೂತಿರುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಅನ್ನಿಸಿಲ್ಲ ಹೇಳಿ. ಸಿಇಟಿ ರ‍್ಯಾಂಕ್ ಸ್ವಲ್ಪ ಆಚೀಚೆ ಆಗಿದ್ದಿದ್ದರೆ ನಾನು ಊರಲ್ಲೇ ಇರ್ತಿದ್ದೆ. ಅಡಿಕೆ ತೋಟ, ಕೊಳೆರೋಗದ ಚಿಂತೆ, ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟಿಲ್ಲದ ಮನೆ, ಸೊಸೈಟಿ ಸಾಲ. ಅದರ ಜೊತೆಗೇ ಸಂಜೆ ಹೊತ್ತು ಅಪ್ಪನ ಪಕ್ಕ ಜಗಲಿಯಲ್ಲಿ ಕೂತು ಕವಳ ಹಾಕುವ ಪುರುಸೊತ್ತು. ನನ್ನ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದ ಗೆಳೆಯ ಊರಲ್ಲೇ ಉಳಿದ. "ನಿಂಗೇನು ಮಾರಾಯ, ತಿಂಗಳಾದ್ರೆ ಸಂಬಳ" ಅಂತಾನೆ ಅವನು. ನಾನು ಅವನ ಮನೆಯಂಗಳ ನೋಡ್ತಾ ಇರ್ತೀನಿ. ಇಬ್ಬರಿಗೂ ಇನ್ನೊಬ್ಬನ ಬದುಕಿನ ಮೇಲೆ ಒಂದು ಕಣ್ಣು. ಈ ಕಥೆಯೊಳಗೆ ನನಗೆ ಜಾಗ ಸಿಕ್ಕಿದ್ದು ಇಲ್ಲಿ. ರಾಜನ ಪ್ರೇಮದಲ್ಲಿ ಅಲ್ಲ. "ಬಿಟ್ಟು ಬಂದ ಬದುಕು ಬಾಗಿಲಾಚೆ ನಡೀತಾ ಇದ್ದರೆ, ನೀನೇನು ಮಾಡ್ತೀಯ?" ಅನ್ನೋ ಪ್ರಶ್ನೆಯಲ್ಲಿ.

ಆ ಪ್ರಶ್ನೆಯನ್ನು ಡ್ರಾಮಾ ಕೇಳುತ್ತದೆ. ಕೇಳಿ, ಉತ್ತರ ಹೇಳುವ ಕೆಲಸವನ್ನು ಪಕ್ಕದ ಪಾತ್ರಗಳಿಗೆ ಒಪ್ಪಿಸುತ್ತದೆ. ಆಮೇಲೆ ಅವರಿಗೆ ಬಾಯಿ ತೆರೆಯಲು ಬಿಡುವುದೇ ಇಲ್ಲ.

ಕಾಂಗ್ ಶಿನ್-ಜೇಯನ್ನೇ ತಗೊಳ್ಳಿ (ನಟ ಕಿಮ್ ಕ್ಯುಂಗ್-ನಾಮ್). ನಾಯಕಿಯ ಸಹೋದ್ಯೋಗಿ, ಅವಳನ್ನು ವರ್ಷಗಳಿಂದ ಮೌನವಾಗಿ ಪ್ರೀತಿಸುವ ಪೊಲೀಸ್. ಮೇಲ್ನೋಟಕ್ಕೆ ಎಲ್ಲ ಕೆ-ಡ್ರಾಮಾಗಳಲ್ಲೂ ಸಿಗುವ ಎರಡನೇ ನಾಯಕ. ಆದರೆ ಅವನು ಈ ಲೋಕದವನಲ್ಲ. ಬಾಲಕನಾಗಿದ್ದಾಗ ಲೀ ಲಿಮ್ ಅವನನ್ನು ರಾಜನ ಕೊರಿಯಾದಿಂದ ತಂದು, ಈ ಕಡೆಯ ಕಾಂಗ್ ಶಿನ್-ಜೇಯ ಜಾಗದಲ್ಲಿ ಇಟ್ಟುಬಿಟ್ಟಿದ್ದಾನೆ. ಅರಮನೆಯ ಬಾಗಿಲಿನ ಹೂವಿನ ಲಾಂಛನ ಅವನಿಗೆ ಕನಸಿನ ಹಾಗೆ ನೆನಪಾಗ್ತಾ ಇರುತ್ತದೆ. ಹೆತ್ತವಳು ಆ ಲೋಕದಲ್ಲಿ ಬದುಕಿದ್ದಾಳೆ. ಸಾಕಿದವಳು ಈ ಲೋಕದಲ್ಲಿ, ಅವನೇ ತನ್ನ ಮಗ ಅಂದುಕೊಂಡಿದ್ದಾಳೆ.

ಅಬ್ಬಾ, ನಮಗೆ ಇದು ಗೊತ್ತಿಲ್ಲದ ಕಥೆಯಾ? ರಾಧೇಯನ ಕಥೆ. ಹೆತ್ತವಳೊಬ್ಬಳು, ಸಾಕಿದವಳೊಬ್ಬಳು, ಯಾರ ಕಡೆ ನಿಲ್ಲೋದು ಅನ್ನೋ ಸಂಕಟ. ಕುಂತಿ ಬಂದು ಕರ್ಣನ ಎದುರು ನಿಲ್ಲುವ ಒಂದು ಪ್ರಸಂಗ ಇಟ್ಟುಕೊಂಡು ನಮ್ಮ ತಾಳಮದ್ದಳೆಯವರು ಗಂಟೆಗಟ್ಟಲೆ ಮಾತಾಡ್ತಾರೆ, ಬೆಳಗಾಗಿದ್ದು ಗೊತ್ತಾಗಲ್ಲ. ಇಲ್ಲಿ ಶಿನ್-ಜೇಗೆ ಸಿಕ್ಕಿದ್ದು ಕಾರಲ್ಲಿ ಕೂತು ಕಿಟಕಿಯಾಚೆ ನೋಡುವ ದೃಶ್ಯಗಳು, ತುಂಬಿದ ಕಣ್ಣು, ಹಿನ್ನೆಲೆಯಲ್ಲಿ ಒಂದು ಹಾಡು. ಅವನ ಮುಖದಲ್ಲಿ ಎಲ್ಲವೂ ಇತ್ತು. ಬರವಣಿಗೆಯವರು ಅವನಿಗೆ ಮಾತು ಕೊಡಲಿಲ್ಲ.

ಇನ್ನು ಲೂನಾ. ಆ ಲೋಕದ ತೇ-ಉಲ್. ಕಿಮ್ ಗೋ-ಉನ್ ಅವಳೇ ಈ ಪಾತ್ರವನ್ನೂ ಮಾಡಿದ್ದಾಳೆ. ಇಲ್ಲಿ ಪ್ರೀತಿಸುವ ಅಪ್ಪ, ನೌಕರಿ, ಗೆಳೆಯರು ಎಲ್ಲ ಇರುವ ಹುಡುಗಿ, ಅಲ್ಲಿ ಯಾರೂ ಇಲ್ಲದ ಕಳ್ಳಿ. ತನ್ನದೇ ಮುಖದವಳು ಇಷ್ಟು ಸುಖವಾಗಿರೋದು ಗೊತ್ತಾದಾಗ ಅವಳಿಗೆ ಹೊಟ್ಟೆಕಿಚ್ಚು ಬರದೆ ಇರುತ್ತಾ? ಇಡೀ ಕಥೆಯ ಪ್ರಶ್ನೆ ಅತ್ಯಂತ ಚೂಪಾಗಿ ನಿಲ್ಲೋದು ಇವಳಲ್ಲಿ, ಯಾಕಂದ್ರೆ ಇವಳು ನಾಯಕಿಯ ಇನ್ನೊಂದು ಬದುಕು. ಆದರೆ ಇವಳು ಸರಿಯಾಗಿ ಕಥೆಗೆ ಬರೋ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಸಂಚಿಕೆ ಮುಗಿದಿದೆ. ಬಂದವಳು ತೇ-ಉಲ್ ವೇಷದಲ್ಲಿ ಒಂದಿಷ್ಟು ಕಿತಾಪತಿ ಮಾಡುತ್ತಾಳೆ, ಪ್ರೇಮಿಗಳ ನಡುವೆ ಒಂದು ಅಡಚಣೆಯಾಗುತ್ತಾಳೆ, ಪಕ್ಕಕ್ಕೆ ಸರಿಯುತ್ತಾಳೆ. ತೇ-ಉಲ್ ಮತ್ತು ಲೂನಾ ಎದುರುಬದುರು ಕೂತು ಒಂದು ಗಂಟೆ ಮಾತಾಡಿದ್ದರೆ! ಒಬ್ಬಳೇ ನಟಿ, ಎರಡು ಬದುಕು. ಅಂಥ ನಟಿಯನ್ನು ಕೈಯಲ್ಲಿಟ್ಟುಕೊಂಡು ಯಾರಾದರೂ ಆ ಅವಕಾಶ ಬಿಡ್ತಾರಾ?

ಬಿಡದೆ ಬಳಸಿದ ಒಂದು ಜಾಗ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ವೂ ದೋ-ಹ್ವಾನ್ ಮಾಡಿದ ಜೋಡಿ ಪಾತ್ರ. ಆ ಲೋಕದಲ್ಲಿ ಜೋ ಯೊಂಗ್, ರಾಜನ ಅಂಗರಕ್ಷಕ ಪಡೆಯ ಕ್ಯಾಪ್ಟನ್, ನಗುವನ್ನೇ ಮರೆತವನು. ಈ ಲೋಕದಲ್ಲಿ ಜೋ ಉನ್-ಸಪ್, ಪೊಲೀಸ್ ಠಾಣೆಯಲ್ಲಿ ಕಡ್ಡಾಯ ಸೇವೆ ಮಾಡುತ್ತಿರುವ ಬಾಯಿಬಡುಕ. ಇಬ್ಬರೂ ಜಾಗ ಬದಲಿಸಿಕೊಳ್ಳಬೇಕಾಗುತ್ತದೆ. ಸಿಪಾಯಿ ಈ ಕಡೆ ಪುಟ್ಟ ಮಕ್ಕಳ ಅಣ್ಣನಾಗಿ ನಟಿಸಬೇಕು, ಬಾಯಿಬಡುಕ ಆ ಕಡೆ ರಾಜನ ಹಿಂದೆ ಗಂಭೀರವಾಗಿ ನಿಲ್ಲಬೇಕು. ಹೊಟ್ಟೆ ಹುಣ್ಣಾಗುವಷ್ಟು ನಗು. ನಗುವಿನ ನಡುವೆಯೇ ಒಂದು ಸತ್ಯವೂ ಹೊಳೆಯುತ್ತದೆ: ಯೊಂಗ್ ಹುಟ್ಟಿನಿಂದ ಕಲ್ಲಾಗಿರಲಿಲ್ಲ. ನಾಲ್ಕು ವರ್ಷದವನಿದ್ದಾಗಲೇ ಅವನ ಕೈಗೆ ಕತ್ತಿ ಬಂತು, ಉನ್-ಸಪ್ ಕೈಗೆ ಬರಲಿಲ್ಲ, ಅಷ್ಟೇ ವ್ಯತ್ಯಾಸ. ಇಡೀ ಡ್ರಾಮಾ ಹೀಗೇ ಇರಬಹುದಿತ್ತು ಅನ್ನೋದಕ್ಕೆ ಸಾಕ್ಷಿ ಡ್ರಾಮಾದೊಳಗೇ ಇದೆ. ಹೊಟ್ಟೆ ಉರಿಯೋದು ಅದಕ್ಕೇ.

ಪ್ರಧಾನಿ ಕೂ ಸೊ-ರ್ಯೊಂಗ್ (ನಟಿ ಜಂಗ್ ಉನ್-ಚೇ) ಇನ್ನೊಂದು ನಷ್ಟ. ಮೀನು ಮಾರುವವಳ ಮಗಳು ದೇಶದ ಪ್ರಧಾನಿಯಾಗಿದ್ದಾಳೆ. ಹುಟ್ಟಿನಿಂದಲೇ ಸಿಂಹಾಸನ ಸಿಕ್ಕ ರಾಜನ ಎದುರು, ಮತ ಗೆದ್ದು ಬಂದ ಹೆಣ್ಣು. ಇವರಿಬ್ಬರ ನಡುವಿನ ಜಗಳ ಎಷ್ಟು ರುಚಿಯಾಗಿರಬೇಕಿತ್ತು! ಅಧಿಕಾರ ಯಾರದ್ದು, ಜನ ಆರಿಸಿದವಳದ್ದಾ, ವಂಶದಲ್ಲಿ ಹುಟ್ಟಿದವನದ್ದಾ? ಅದನ್ನು ಕೇಳುವ ಬದಲು ಅವಳಿಗೆ ರಾಣಿಯಾಗುವ ಆಸೆ ಹಚ್ಚಿದರು. ದುಬಾರಿ ಉಡುಪು, ಹೈ ಹೀಲ್ಸ್, ರಾಜನ ಮೇಲೆ ಕಣ್ಣು, ಇನ್ನೊಬ್ಬ ಹುಡುಗಿಯ ಮೇಲೆ ಮತ್ಸರ. ಪ್ರಧಾನಿಯನ್ನು ನಮ್ಮ ಧಾರಾವಾಹಿಗಳ ವಿಲನ್ ಅತ್ತಿಗೆ ಮಟ್ಟಕ್ಕೆ ಇಳಿಸಿಬಿಟ್ಟರು. ಆ ಹುದ್ದೆಯ ಕೆಲಸ ಏನು ಅಂತ ತೋರಿಸಿದ್ದಕ್ಕಿಂತ ಅವಳು ಅರಮನೆಗೆ ನಡೆದು ಬರುವ ಶೈಲಿ ತೋರಿಸಿದ್ದೇ ಜಾಸ್ತಿ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಅಜ್ಜಿ. ಅರಮನೆಯ ಹಿರಿಯ ಪರಿಚಾರಿಕೆ, ತಂದೆ ತಾಯಿ ಇಲ್ಲದ ರಾಜನನ್ನು ಸಾಕಿದವಳು, ಲೇಡಿ ನೋ (ಹಿರಿಯ ನಟಿ ಕಿಮ್ ಯಂಗ್-ಓಕ್). ರಾಜನಿಗೆ ಬೆನ್ನ ಮೇಲೆ ಹೊಡೆದು ಬುದ್ಧಿ ಹೇಳಬಲ್ಲ ಒಬ್ಬಳೇ ಹೆಂಗಸು. ಒಂದು ದೃಶ್ಯದಲ್ಲಿ ಅವಳು ತೇ-ಉಲ್‌ಳನ್ನು ಒಬ್ಬಳೇ ಕೂರಿಸಿಕೊಂಡು ಕೇಳುತ್ತಾಳೆ: ಆ ಯುದ್ಧ ಏನಾಯ್ತು? ಆಗ ಗೊತ್ತಾಗುತ್ತದೆ, ಇವಳೂ ಗಣರಾಜ್ಯದ ಲೋಕದವಳು. 1950ರಲ್ಲಿ ಶುರುವಾದ ಕೊರಿಯಾ ಯುದ್ಧದ ಹೊತ್ತಿನಲ್ಲಿ ದಾಟಿ ಬಂದವಳು. ಯುದ್ಧವೇ ಆಗದ ಲೋಕದಲ್ಲಿ ಕೂತು, ತನ್ನ ನೆಲದ ಯುದ್ಧ ಮುಗಿಯಿತೋ ಇಲ್ಲವೋ ಅಂತ ಇಷ್ಟು ವರ್ಷ ಯಾರನ್ನೂ ಕೇಳಲಾಗದೆ ಬದುಕಿದವಳು.

ಆ ಪ್ರಶ್ನೆಗೆ ನಿಜವಾದ ಉತ್ತರ ಏನು ಗೊತ್ತಲ್ಲ? 1953ರ ಜುಲೈ 27ರಂದು ಕದನವಿರಾಮದ ಒಪ್ಪಂದ ಆಯ್ತು. ಶಾಂತಿ ಒಪ್ಪಂದ ಆಗಲಿಲ್ಲ. ಗಡಿ ಎಳೆದಿದ್ದು ಎಳೆದ ಹಾಗೇ ಇದೆ, ಮನೆಗಳು ಒಡೆದಿದ್ದು ಒಡೆದ ಹಾಗೇ. ಯುದ್ಧ ನಿಂತಿದೆ, ಮುಗಿದಿಲ್ಲ. ಒಂದು ಮುದುಕಿಗೆ ಇದನ್ನು ಹೇಳಬೇಕಾಗಿ ಬಂದ ಹುಡುಗಿಯ ಗಂಟಲು ಕಟ್ಟಬೇಕು. ನನಗೆ ಕಟ್ಟಿತು. ಇಡೀ ಡ್ರಾಮಾದ ಎರಡು ಲೋಕ, ಒಡೆದ ಕೊಳಲು, ಬಿದಿರು ಎಲ್ಲವೂ ಒಂದು ಕ್ಷಣಕ್ಕೆ ಅರ್ಥ ಪಡೆದುಕೊಂಡವು. ಇನ್ನು ಮೇಲೆ ಕಥೆ ಬೇರೆಯೇ ಆಗುತ್ತೆ ಅಂತ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮಾರಾಯ್ರೆ, ಆ ದೃಶ್ಯ ಮುಗೀತು, ಅಲ್ಲಿಗೆ ಆ ವಿಷಯವೂ ಹೆಚ್ಚುಕಡಿಮೆ ಮುಗೀತು. ಅಜ್ಜಿ ಮತ್ತೆ ರಾಜನಿಗೆ ಊಟ ಬಡಿಸೋಕೆ ಹೋದಳು.

ಇದೇ ಹೊತ್ತಿಗೆ, ಕೆಲವೇ ತಿಂಗಳ ಮುಂಚೆ ಬಂದಿದ್ದ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ ನೆನಪಿಸಿಕೊಳ್ಳಿ. ಅದೂ ಪ್ರೇಮಕಥೆಯೇ, ಅದೂ ನಂಬೋಕೆ ಕಷ್ಟವಾದದ್ದೇ. ಪ್ಯಾರಾಗ್ಲೈಡರ್‌ನಲ್ಲಿ ಹಾರಿಕೊಂಡು ಉತ್ತರ ಕೊರಿಯಾಕ್ಕೆ ಬೀಳುವ ದಕ್ಷಿಣದ ಹುಡುಗಿ. ಆದರೆ ಅಲ್ಲಿ ನಾಯಕನ ಕೈಕೆಳಗಿನ ನಾಲ್ವರು ಸೈನಿಕರ ಒಬ್ಬೊಬ್ಬರ ಸ್ವಭಾವವೂ ನಮಗೆ ಗೊತ್ತು. ಹಳ್ಳಿಯ ಹೆಂಗಸರು ಕಿಮ್ಚಿ ಹಾಕುವ ದೃಶ್ಯ ಇವತ್ತಿಗೂ ಕಣ್ಣಮುಂದಿದೆ. ಗಡಿಯ ನೋವು ಪ್ರೇಮಿಗಳ ಬಾಯಲ್ಲಿ ಮಾತ್ರ ಇರಲಿಲ್ಲ, ಆ ಸೈನಿಕರಲ್ಲಿ ಇತ್ತು, ಆ ಹೆಂಗಸರಲ್ಲಿ ಇತ್ತು. ಅವರೆಲ್ಲ ನಮಗೆ ಬೇಕಾದವರಾಗಿದ್ದರಿಂದಲೇ ಕೊನೆಯಲ್ಲಿ ಅಗಲಿಕೆ ಬಂದಾಗ ಅಷ್ಟು ಸಂಕಟ ಆಯ್ತು.

ಹಾಗಾದರೆ ‘ದ ಕಿಂಗ್’ನಲ್ಲಿ ಸಮಯ ಎಲ್ಲಿ ಹೋಯ್ತು? 16 ಸಂಚಿಕೆ, ಒಂದೊಂದೂ ಗಂಟೆಗಿಂತ ಜಾಸ್ತಿ. ಜಾಗ ಇಲ್ಲದೆ ಏನೂ ಬಿಟ್ಟಿದ್ದಲ್ಲ. ಸ್ವಲ್ಪ ಹೊತ್ತು ಕುದುರೆ ನಿಧಾನಗತಿಯಲ್ಲಿ ಓಡಿತು. ಸ್ವಲ್ಪ ಹೊತ್ತು ರಾಜನ ಕೋಟು ಗಾಳಿಗೆ ಹಾರಿತು. ಇನ್ನು ಜಾಹೀರಾತು! ಅಂಗರಕ್ಷಕ ಕಾಫಿ ಕುಡಿದು ಅದರ ರುಚಿ ವರ್ಣಿಸುತ್ತಾನೆ. ಕೋಳಿ ತಿನ್ನೋದಕ್ಕೊಂದು ದೃಶ್ಯ, ಕಿಮ್ಚಿಗೊಂದು ದೃಶ್ಯ. ಕೊರಿಯಾದ ವೀಕ್ಷಕರೇ ಇದನ್ನು ಆಗ ಸಾಕಷ್ಟು ಆಡಿಕೊಂಡರು. ಡ್ರಾಮಾಗಳಿಗೆ ದುಡ್ಡು ಹುಟ್ಟೋದು ಹೀಗೆ ಅಂತ ನಮಗೂ ಗೊತ್ತು, ‘ಗಾಬ್ಲಿನ್’ನಲ್ಲೂ ಇದು ಇತ್ತು. ಆದರೆ ಶಿನ್-ಜೇಯ ಹೆತ್ತ ತಾಯಿಗಿಂತ ಕಾಫಿ ಡಬ್ಬಿಯ ಗುಣಸ್ವಭಾವ ನಮಗೆ ಚೆನ್ನಾಗಿ ಪರಿಚಯವಾದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ.

ಕೋಡ್ ಬರೆಯೋರಿಗೆ ಗೊತ್ತಿರುತ್ತೆ, ಒಂದು ವೇರಿಯಬಲ್ ಡಿಕ್ಲೇರ್ ಮಾಡಿ ಎಲ್ಲೂ ಬಳಸದಿದ್ದರೆ ಕಂಪೈಲರ್ ಹಳದಿ ಗೆರೆ ಎಳೆದು ಎಚ್ಚರಿಸುತ್ತದೆ. ಪ್ರೋಗ್ರಾಂ ನಿಲ್ಲಲ್ಲ, ಓಡುತ್ತೆ. ಆದರೆ ನೋಡಿದವರಿಗೆ ಗೊತ್ತಾಗುತ್ತೆ, ಬರೆದವರು ಏನೋ ಮಾಡಬೇಕು ಅಂತ ಹೊರಟು ಅರ್ಧಕ್ಕೇ ಬಿಟ್ಟಿದ್ದಾರೆ ಅಂತ. ಈ ಡ್ರಾಮಾದ ಪಾತ್ರಪಟ್ಟಿ ತುಂಬ ಹಳದಿ ಗೆರೆಗಳು.

"ಇದು ರೊಮ್ಯಾನ್ಸ್ ಗುರೂ, ಜೋಡಿಯನ್ನು ನೋಡೋಕೆ ಬಂದು ಅಜ್ಜಿಯ ಬಗ್ಗೆ ಯಾಕೆ ತಲೆಕೆಡಿಸಿಕೊಳ್ತೀಯ?" ಅಂತ ಕೇಳುವವರಿದ್ದಾರೆ. ಆಫೀಸಿನ ಕೆ-ಡ್ರಾಮಾ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದ್ದೂ ಇದೇ. ನ್ಯಾಯವಾದ ಪ್ರಶ್ನೆ. ಆದರೆ ಪಕ್ಕದ ಪಾತ್ರಗಳನ್ನು ಸೊರಗಿಸಿದ್ದರಿಂದ ಪ್ರೇಮಕಥೆಗೆ ಲಾಭವಾಗಿಲ್ಲ. ಅದೇ ಮೊದಲು ಸೊರಗಿದ್ದು. ರಾಜನಿಗೆ ಅವಳ ಮೇಲೆ ಪ್ರೀತಿ ಯಾಕೆ? 25 ವರ್ಷ ಅವಳ ಫೋಟೋ ನೋಡಿದ್ದಾನೆ. ಸರಿ. ಅವಳಿಗೆ ಅವನ ಮೇಲೆ ಯಾಕೆ? ಅದು ಕೊನೆಗೂ ಸರಿಯಾಗಿ ತಿಳಿಯಲ್ಲ. ಮೊದಲು ಹುಚ್ಚ ಅಂತಾಳೆ, ನಂತರ ಅವನ ಲೋಕ ನೋಡಿ ಬರ್ತಾಳೆ, ಆಮೇಲೆ ಅಳೋಕೆ ಶುರು ಮಾಡ್ತಾಳೆ. ನಡುವೆ ಎಲ್ಲೋ ಒಂದು ಸಂಚಿಕೆ ನಾನೇ ತಪ್ಪಿಸಿಕೊಂಡೆನಾ ಅಂತ ಅನುಮಾನ ಬರುವಷ್ಟು ಬೇಗ. ಅವಳು ಲೂನಾಳ ಕಣ್ಣಿಂದ ತನ್ನ ಬದುಕನ್ನು ನೋಡಿದ್ದರೆ, ಶಿನ್-ಜೇಯನ್ನು ಕಳೆದುಕೊಳ್ಳುವ ಭಯ ಅವಳನ್ನು ಹಿಡಿದಿದ್ದರೆ, ಈ ಲೋಕ ಬಿಟ್ಟು ಹೋಗೋದು ಅಂದರೆ ಏನನ್ನು ಬಿಡೋದು ಅಂತ ನಮಗೂ ಗೊತ್ತಾಗ್ತಿತ್ತು. ಬಿಡೋಕೆ ಏನೂ ಇಲ್ಲದ ಕಡೆ ತ್ಯಾಗ ಎಲ್ಲಿಂದ ಬರಬೇಕು?

‘ಗಾಬ್ಲಿನ್’ ಬರೆದವರಿಗೆ ಇದು ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಅಲ್ಲಿ ಯಮದೂತ ಮತ್ತು ಸನ್ನಿ ಜೋಡಿ ಬರೀ ಕಾಮಿಡಿಗೆ ಅಂತ ಶುರುವಾಗುತ್ತದೆ. ಆಮೇಲೆ ಗೊತ್ತಾಗುತ್ತದೆ, ಹಿಂದಿನ ಜನ್ಮದಲ್ಲಿ ಅವನೇ ರಾಜ, ಅವಳೇ ರಾಣಿ, ಅವಳ ಸಾವಿಗೆ ಕಾರಣ ಅವನೇ. ಗಾಬ್ಲಿನ್ ತನ್ನ ಮನೆಯಲ್ಲಿ ಜೊತೆಗಿದ್ದು ಜಗಳವಾಡಿಕೊಂಡಿದ್ದ ಗೆಳೆಯನೇ ತನ್ನ ತಂಗಿಯನ್ನು ಕೊಲ್ಲಿಸಿದವನು ಅಂತ ತಿಳಿಯುವ ಘಟ್ಟ ಇದೆಯಲ್ಲ, ಅದು ನಾಯಕ-ನಾಯಕಿ ಕಥೆಗಿಂತ ಒಂದು ತೂಕ ಜಾಸ್ತಿಯೇ. ಅದರಿಂದ ಮುಖ್ಯ ಪ್ರೇಮಕ್ಕೆ ಏನೂ ಕಮ್ಮಿ ಆಗಲಿಲ್ಲ.

ನಮ್ಮಲ್ಲೇ ನೋಡಿ. 2013ರಲ್ಲಿ ಪವನ್ ಕುಮಾರ್ ಜನರಿಂದ ದುಡ್ಡು ಕೂಡಿಸಿ ಮಾಡಿದ ‘ಲೂಸಿಯಾ’. ಒಂದೇ ಮುಖ, ಎರಡು ಬದುಕು. ಒಂದು ಕಡೆ ಥಿಯೇಟರಿನಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ನಿಕ್ಕಿ, ಇನ್ನೊಂದು ಕಡೆ ಸಿನಿಮಾ ಸ್ಟಾರ್. ಮಂತ್ರದ ಕೊಳಲಿಲ್ಲ, ಅರಮನೆಯಿಲ್ಲ, ಬಿಳಿ ಕುದುರೆಯಿಲ್ಲ. ಆದರೆ ಒಂದು ಬದುಕು ಇನ್ನೊಂದನ್ನು ಬಯಸುವ ಸಂಕಟವನ್ನು ಅದು ಕೊನೆ ತನಕ ಬಿಡಲಿಲ್ಲ. ಸತೀಶ್ ನೀನಾಸಂ ಆ ಎರಡೂ ಬದುಕಿನ ಭಾರ ಹೊತ್ತು ನಡೆದರು. ದುಡ್ಡಿನ ಪ್ರಶ್ನೆ ಅಲ್ಲ ಇದು, ಹಿಡಿದ ಎಳೆಯನ್ನು ಬಿಡದೆ ನೇಯುವ ಹಠದ ಪ್ರಶ್ನೆ.

ಕೊನೆಯ ಸಂಚಿಕೆಗಳು ಮಾಡಿದ್ದು ಇನ್ನೂ ಬೇಜಾರಿನ ಕೆಲಸ. ರಾಜ ಮತ್ತು ಯೊಂಗ್ 1994ರ ಆ ರಾತ್ರಿಗೇ ವಾಪಸ್ ಹೋಗಿ ಲೀ ಲಿಮ್‌ನನ್ನು ಮುಗಿಸುತ್ತಾರೆ. ಅಂದರೆ ಆಮೇಲಿನ 25 ವರ್ಷದಲ್ಲಿ ಅವನು ಮಾಡಿದ್ದೆಲ್ಲ ಆಗಿಯೇ ಇಲ್ಲ. ನಮ್ಮ ಭಾಷೆಯಲ್ಲಿ ರೋಲ್‌ಬ್ಯಾಕ್. ಶಿನ್-ಜೇಯನ್ನು ಇತ್ತ ತಂದಿದ್ದು ಆಗಿಲ್ಲ, ಬದುಕು ಕದ್ದುಕೊಂಡವರ ಪಾಪ ಆಗಿಲ್ಲ, ಕಳೆದುಕೊಂಡವರ ನಷ್ಟವೂ ಆಗಿಲ್ಲ. ನೀನು ಬಾಳಿದ ಬದುಕನ್ನೇ ಅಳಿಸಿ ಹಾಕುವ ಉಪಾಯ ಇದು, ಒಪ್ಪಿಗೆಯಾ ಅಂತ ಶಿನ್-ಜೇಯನ್ನು ಕೂರಿಸಿ ಕೇಳಬೇಕಾದ ಮಾತು ಒಂದೆರಡು ನೋಟದಲ್ಲಿ ಕರಗಿ ಹೋಗುತ್ತದೆ. ಉತ್ತರ ಕೊಡಬೇಕಾದ ಪ್ರಶ್ನೆಗಳನ್ನೆಲ್ಲ ಒರೆಸಿ ಹಾಕಿ, ಹಲಗೆ ಖಾಲಿಯಾಯ್ತಲ್ಲ, ಲೆಕ್ಕ ಬಗೆಹರಿಯಿತು ಅಂದ ಹಾಗೆ. ಪ್ರೇಮಿಗಳ ನೆನಪು ಮಾತ್ರ ಉಳಿಯುತ್ತದೆ. ಅವರು ವಾರಾಂತ್ಯಗಳಲ್ಲಿ ಸೇರಿ ಬೇರೆ ಬೇರೆ ಲೋಕ, ಬೇರೆ ಬೇರೆ ಕಾಲ ಸುತ್ತಾಡಿಕೊಂಡು ಮುದುಕರಾಗುತ್ತಾರೆ. ವೀಕೆಂಡ್ ಟ್ರಿಪ್! ನಮಗೂ ಅದೇ ಗತಿ ಬಿಡಿ, ಆದರೆ ನಾವು ನಂದಿಬೆಟ್ಟಕ್ಕೆ ಹೋಗಿ ಬರ್ತೀವಿ, ಅಷ್ಟೇ.

ಗಣಿತ ಓದಿದ ರಾಜ, ಎರಡು ಲೋಕಗಳ ನಡುವಿನ ಜಾಗಕ್ಕೆ ಒಂದು ಹೆಸರಿಟ್ಟಿದ್ದಾನೆ: ಸೊನ್ನೆ ಮತ್ತು ಒಂದರ ನಡುವೆ. ನಮ್ಮ ಕೆಲಸದಲ್ಲಿ ಸೊನ್ನೆ ಇಲ್ಲವೇ ಒಂದು, ನಡುವೆ ಏನೂ ಇಲ್ಲ. ಆದರೆ ಮನುಷ್ಯರು ಇರೋದು ಆ ನಡುವೆಯೇ. ಶಿನ್-ಜೇ ಅಲ್ಲಿದ್ದ, ಲೂನಾ ಅಲ್ಲಿದ್ದಳು, ಅಜ್ಜಿ ಅಲ್ಲಿದ್ದಳು. ರಾಜ ಆ ಜಾಗದಲ್ಲಿ ಹೂವಿನ ಬೀಜ ಬಿತ್ತಿ, ಅದು ಅಲ್ಲಿ ಮೊಳೆಯುತ್ತದಾ ಅಂತ ಕಾಯುತ್ತಾನೆ. ಆ ಮೂವರಿಗೂ ಅಷ್ಟೇ ತಾಳ್ಮೆ ತೋರಿಸಿದ್ದರೆ ಸಾಕಿತ್ತು.

ಹಾಗಾದ್ರೆ ನೋಡಬೇಕಾ, ಬೇಡವಾ? ನೋಡಿ. ಮೊದಲ ಎರಡು ಸಂಚಿಕೆಯ ವೈಭವಕ್ಕೆ ನೋಡಿ, ವೂ ದೋ-ಹ್ವಾನ್‌ಗೋಸ್ಕರ ಪೂರ್ತಿ ನೋಡಿ. ಕಾಫಿ, ಕೋಳಿ ಬಂದಾಗ ಹತ್ತು ಸೆಕೆಂಡ್ ಮುಂದೆ ಹಾರಿಸಿ. ಅಜ್ಜಿ ತೇ-ಉಲ್‌ಳನ್ನು ಎದುರು ಕೂರಿಸಿಕೊಂಡು ಯುದ್ಧದ ಬಗ್ಗೆ ಕೇಳುವ ದೃಶ್ಯ ಬಂದಾಗ ಮಾತ್ರ ಫೋನ್ ಪಕ್ಕಕ್ಕಿಟ್ಟು ನೋಡಿ. ಅಲ್ಲಿಂದ ಮುಂದಕ್ಕೆ ಬೇರೊಂದು ಡ್ರಾಮಾ ಶುರುವಾಗಬೇಕಿತ್ತು. ಅದನ್ನು ಇನ್ನೂ ಯಾರೂ ಬರೆದಿಲ್ಲ.